ಟರ್ಬೊ ಎಂಜಿನ್ ಬ್ಲಾಕ್ ‘ಗಟ್ಟಿ’ ಅಂದರೆ ತಾಳಿಕೆಯೋ, ಬಾಳಿಕೆಯೋ?

ಎಲ್ಲರಿಗೂ ನಮಸ್ಕಾರ.

ಟರ್ಬೊ, ಸೂಪರ್‌ಚಾರ್ಜರ್ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನಗಳು) ಕೂರಿಸಿ ಕಾರಿನ ಪವರ್ ಏರಿಸುವುದರ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಬೂಸ್ಟ್ (ಹಾಗೆ ತುಂಬಿದ ಗಾಳಿಯ ಒತ್ತಡ), ಪಿಸ್ಟನ್, ಗ್ಯಾಸ್ಕೆಟ್‌ಗಳ ಹೆಸರನ್ನು ಕನ್ನಡಕ್ಕೆ ತರುವ ತಂಟೆಗೆ ಹೋಗಿಲ್ಲ. ಎಲ್ಲರೂ ಹಾಗೇ ಅನ್ನುತ್ತಾರೆ, ಹಾಗೇ ಇರಲಿ. ತೊಡಕಾಗಿರುವುದು ‘ಗಟ್ಟಿ’ ಅನ್ನುವ ನಮ್ಮದೇ ಪದ. ಬ್ಲಾಕ್ ಅಂದರೆ ಸಿಲಿಂಡರುಗಳಿರುವ ಎಂಜಿನ್ನಿನ ಮೈ. “ಈ ಬ್ಲಾಕ್ ಗಟ್ಟಿ ಇದೆ, 600 ಎಚ್‌ಪಿ ಕೊಟ್ಟರೂ ಏನಾಗಲ್ಲ” ಅಂತ ಸಲೀಸಾಗಿ ಹೇಳಿಬಿಡುತ್ತಾರೆ. ಬರೆಯಲು ಕೂತರೆ ಆ ಒಂದು ಮಾತಿನಲ್ಲಿ ಬೇರೆ ಬೇರೆ ಸಂಗತಿಗಳು ಸಿಕ್ಕಿಕೊಂಡಿವೆ.

ಒಡೆಯದೆ ಇರುವುದು ಒಂದು. ಟೊಯೊಟಾ ಸುಪ್ರಾದ 2ಜೆಜೆಡ್ ಎಂಜಿನ್ ತೆಗೆದುಕೊಳ್ಳಿ. ಬೋರ್ (ಸಿಲಿಂಡರಿನ ಒಳ ಅಗಲ) 86 ಮಿ.ಮೀ. ಅಂದರೆ ಪಿಸ್ಟನ್ ತಲೆ ಸುಮಾರು 58 ಚದರ ಸೆಂ.ಮೀ. ಸಿಲಿಂಡರಿನೊಳಗೆ 100 ಬಾರ್ ಒತ್ತಡ ಎದ್ದರೆ ಆ ಪಿಸ್ಟನ್ ಮೇಲೆ ಹತ್ತಿರಹತ್ತಿರ 6 ಟನ್ ಭಾರ ಬೀಳುತ್ತದೆ. ಅಷ್ಟೇ ಬಲ ಸಿಲಿಂಡರುಗಳ ಮುಚ್ಚಳವಾದ ಹೆಡ್ಡನ್ನು ಮೇಲಕ್ಕೆ ಎತ್ತಲು ನೋಡುತ್ತದೆ, ಕ್ರ್ಯಾಂಕನ್ನು (ಪಿಸ್ಟನ್ನುಗಳು ತಿರುಗಿಸುವ ದಂಡ) ಕೆಳಕ್ಕೆ ದಬ್ಬುತ್ತದೆ. ನಡುವೆ ಸಿಕ್ಕಿ ಎರಡೂ ಕಡೆಯಿಂದ ಎಳೆಸಿಕೊಳ್ಳುವುದು ಬ್ಲಾಕ್. ಇದಕ್ಕೆ ‘ತಾಳಿಕೆ’ ಅಂದರೆ ಸಾಕು ಅನ್ನಿಸುತ್ತದೆ. ಎರಕದ ಕಬ್ಬಿಣ ಅಂದಮಾತ್ರಕ್ಕೆ ತಾಳಿಕೆ ಬರುವುದಿಲ್ಲ ಅನ್ನುವುದನ್ನೂ ಸೇರಿಸಬೇಕು. ಫೋರ್ಡಿನ ಹಳೆಯ 302 ವಿ8 ಬ್ಲಾಕ್ ಕೂಡ ಕಬ್ಬಿಣದ್ದೇ. 500 ಎಚ್‌ಪಿ ಆಸುಪಾಸು ದಾಟಿಸಿದರೆ ಅದು ನಟ್ಟನಡುವೆ ಉದ್ದಕ್ಕೆ ಸೀಳುತ್ತದೆ ಅನ್ನುವುದು ಟ್ಯೂನಿಂಗ್ ಮಾಡುವವರಿಗೆಲ್ಲ ಗೊತ್ತು.

ನನಗೆ ಪದ ಸಿಗದೆ ಇರುವುದು ಇಲ್ಲಿ: ಒಡೆಯದೆ ಇದ್ದರೂ ಅಲುಗುವ ಬ್ಲಾಕ್. ಹೋಂಡಾದ ಹಳೆಯ ಬಿ-ಸರಣಿಯ ಅಲ್ಯೂಮಿನಿಯಂ ಬ್ಲಾಕಿನ ಹೆಡ್ ಬಿಚ್ಚಿ ಮೇಲಿನಿಂದ ನೋಡಿ. ಸಿಲಿಂಡರುಗಳ ಸುತ್ತ ನೀರು ಹರಿಯುವ ಜಾಗ ಪೂರ್ತಿ ತೆರೆದಿರುತ್ತದೆ. ನೀರಿನ ಪಾತ್ರೆಯಲ್ಲಿ ಲೋಟಗಳನ್ನು ಸಾಲಾಗಿ ನಿಲ್ಲಿಸಿದ ಹಾಗೆ ಸಿಲಿಂಡರುಗಳು ಹೊರಗೋಡೆಗೆ ಬುಡದಲ್ಲಿ ಮಾತ್ರ ಹಿಡಿತ ಇಟ್ಟುಕೊಂಡು ನಿಂತಿರುತ್ತವೆ. ಇದನ್ನೇ ಓಪನ್ ಡೆಕ್ ಅನ್ನುವುದು. 2ಜೆಜೆಡ್‌ನಲ್ಲಿ ಆ ಜಾಗ ಮೇಲೆ ಮುಚ್ಚಿಕೊಂಡಿದೆ, ನೀರು ಹೋಗಲು ತೂತುಗಳಷ್ಟೇ ಇವೆ. ಬೂಸ್ಟ್ ಏರಿಸುತ್ತಾ ಹೋದರೆ ಓಪನ್ ಡೆಕ್‌ನ ಸಿಲಿಂಡರು ಮೇಲ್ತುದಿಯಲ್ಲಿ ಕೂದಲೆಳೆಯಷ್ಟು ಓಲಾಡುತ್ತದೆ. ಮೊದಲು ಹೋಗುವುದು ಹೆಡ್ಡಿಗೂ ಬ್ಲಾಕಿಗೂ ನಡುವಿನ ತೆಳು ಹಾಳೆ, ಹೆಡ್ ಗ್ಯಾಸ್ಕೆಟ್. ಸಿಲಿಂಡರ್ ಗೋಡೆ ಬಿರುಕು ಬಿಡುವುದು ಆಮೇಲಿನ ಮಾತು.

ಈ ಅಲುಗದೆ ನಿಲ್ಲುವ ಗುಣಕ್ಕೆ ಏನನ್ನೋಣ? ‘ಬಿಗಿ’ ಅನ್ನಬಹುದು, ಆದರೆ ಹೆಡ್ ಬೋಲ್ಟ್ ಬಿಗಿ ಮಾಡುವುದು ಅಂತ ಅದೇ ಪುಟದಲ್ಲಿ ನಾಲ್ಕು ಸಲ ಬರುತ್ತದೆ. ‘ದಾರ್ಢ್ಯ’ ಅಂದರೆ ಓದುವವರಿಗೆ ಎಣ್ಣೆ ಹಚ್ಚಿಕೊಂಡು ತೋಳು ತೋರಿಸುವವರು ನೆನಪಾಗುತ್ತಾರೆ. ‘ಸೆಡೆತ’ ಅಂತ ಇಟ್ಟರೆ ಹೇಗೆ? ಸೆಟೆದು ನಿಲ್ಲುವುದು ಅನ್ನುವ ಅರ್ಥ ಕಿವಿಗೆ ಬೀಳುತ್ತದೆ, ಅಲ್ವಾ?

ಇನ್ನು ‘ಬಾಳಿಕೆ’. ಇದು ತಾಳಿಕೆಗಿಂತ ಪೂರ್ತಿ ಬೇರೆ, ಎರಡನ್ನೂ ಬೆರೆಸಬಾರದು ಅನ್ನುವುದು ನನ್ನ ಹಟ. 1980ರ ದಶಕದ ಫಾರ್ಮುಲಾ ಒನ್‌ನಲ್ಲಿ ಬಿಎಂಡಬ್ಲ್ಯೂದ ಒಂದೂವರೆ ಲೀಟರ್ ಟರ್ಬೊ ಎಂಜಿನ್ ಇತ್ತು. 1983ರಲ್ಲಿ ನೆಲ್ಸನ್ ಪಿಕೆ ಚಾಂಪಿಯನ್ ಆದದ್ದು ಅದರಲ್ಲೇ. ಬ್ಲಾಕ್ ಮಾತ್ರ ರಸ್ತೆ ಕಾರಿನ ಎಂ10 ಎಂಜಿನ್ನಿನ ಕಬ್ಬಿಣದ್ದು. ಆಮೇಲಾಮೇಲೆ ಅರ್ಹತಾ ಸುತ್ತಿಗೆ ಬೂಸ್ಟ್ ಏರಿಸಿ 1000 ಎಚ್‌ಪಿ ದಾಟಿಸುತ್ತಿದ್ದರು. ಕೆಲವೇ ಲ್ಯಾಪ್ ಓಡಿಸಿ ಎಂಜಿನ್ ಬದಲಿಸುತ್ತಿದ್ದರು. ಅಷ್ಟು ಹೊತ್ತು ತಾಳಿತು, ಸರಿ. ಆ ಬೂಸ್ಟಿನಲ್ಲಿ ಬಾಳಿಕೆ ಬರುತ್ತದೆ ಅಂತ ಯಾರೂ ಅನ್ನಲಿಲ್ಲ.

‘ಎಚ್‌ಪಿ ಮಿತಿ’ ಅನ್ನುವ ಬಳಕೆಯೂ ನನಗೆ ಹಿಡಿಸುತ್ತಿಲ್ಲ. 500 ಎಚ್‌ಪಿಯನ್ನು 4000 ಆರ್‌ಪಿಎಂನಲ್ಲಿ ತೆಗೆದರೆ ಟಾರ್ಕ್ (ತಿರುಗಿಸುವ ಬಲ) ಸುಮಾರು 890 ನ್ಯೂಟನ್ ಮೀಟರ್. 8000ದಲ್ಲಿ ತೆಗೆದರೆ ಅದರ ಅರ್ಧ. ಎಚ್‌ಪಿ ಎರಡರಲ್ಲೂ ಒಂದೇ, ಆದರೆ ಮೊದಲನೆಯದರಲ್ಲಿ ಸಿಲಿಂಡರಿನೊಳಗಿನ ಒತ್ತಡ ಹೆಚ್ಚುಕಡಿಮೆ ಇಮ್ಮಡಿ. ಬ್ಲಾಕಿಗೆ ಲೆಕ್ಕ ಅದೇ. ಎರಡನೆಯದರಲ್ಲಿ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಪಾಡು ಜಾಸ್ತಿ, ಅದು ಬೇರೆ ಕತೆ. ಇನ್ನು ನಾಕಿಂಗ್ (ಇಂಧನ ತಾನಾಗಿಯೇ ಸಿಡಿಯುವುದು) ಶುರುವಾದರೆ ಕಾಗದದ ಮೇಲಿನ ಯಾವ ಸಂಖ್ಯೆಗೂ ಬೆಲೆ ಇಲ್ಲ. ಅಲ್ಲದೆ ‘ಮಿತಿ’ ಅಂದಾಗ ವೇಗಮಿತಿಯ ಹಾಗೆ ಯಾರೋ ಗೆರೆ ಎಳೆದು ಕೊಟ್ಟ ಹಾಗಾಗುತ್ತದೆ. ಸದ್ಯಕ್ಕೆ ‘ತಾಳುವ ಮಟ್ಟ’ ಅಂತ ಬರೆದಿಟ್ಟಿದ್ದೇನೆ, ಪಕ್ಕದಲ್ಲಿ ಎಚ್‌ಪಿ ಬದಲು ಟಾರ್ಕ್ ಕೊಡುತ್ತಿದ್ದೇನೆ.

ಗ್ಯಾರೇಜಿನಲ್ಲಿ ಕೆಲಸ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಪ್ರಶ್ನೆ. ಸಿಲಿಂಡರು ಹೀಗೆ ಓಲಾಡಿ ಗ್ಯಾಸ್ಕೆಟ್ ಹೋದ ಎಂಜಿನ್ ಬಂದಾಗ ಪಕ್ಕದವರಿಗೆ ಏನಂತ ಹೇಳುತ್ತೀರಿ? ‘ಬೋರ್ ಆಡ್ತಿದೆ’ ಅಂತಲೋ, ‘ಬ್ಲಾಕ್ ಸಡಿಲ’ ಅಂತಲೋ, ಬೇರೆ ಏನಾದರೂ ಇದೆಯೋ?