ಡಬ್ಬ ಅಗ್ಗ, ಆಟ ದುಬಾರಿ: ತುಮಕೂರಿನಲ್ಲಿ ಯಾವ ಕನ್ಸೋಲ್ ಕೊಳ್ಳೋದು?

ಕೇಳಿದವರು, ಎಸ್‌ಐಟಿ ಬಡಾವಣೆ

ಒಳ್ಳೆ ಮಾರ್ಕ್ಸ್ ಬಂದರೆ ಟಿವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್ ಕೊಡಿಸುತ್ತೇನೆ ಅಂತ ಮಗನಿಗೆ ಬಾಯಿ ಜಾರಿ ಹೇಳಿದ್ದೆ. ಎಸ್‌ಎಸ್‌ಎಲ್‌ಸಿಯಲ್ಲಿ ಬಂದೇ ಬಿಟ್ಟಿದೆ! ಪ್ಲೇಸ್ಟೇಷನ್ 5 (ಪಿಎಸ್ 5) ತಗೊಳ್ಳಲಾ, ಎಕ್ಸ್‌ಬಾಕ್ಸ್ ಸೀರೀಸ್ ಎಸ್ ತಗೊಳ್ಳಲಾ? ಎಸ್ ಕಡಿಮೆ ರೇಟು. ಸಾಕಲ್ವಾ? ಮನೆಯಲ್ಲಿ ಇಟ್ಟುಕೊಂಡವರು ಹೇಳಿ.

ಕ್ಯಾತ್ಸಂದ್ರ

ನಾನೂ ರೇಟು ನೋಡಿಯೇ ಎಸ್ ತಂದವನು. 2020ರ ನವೆಂಬರಿನಲ್ಲಿ ಅದು ಭಾರತಕ್ಕೆ ಬಂದಾಗ 34,990 ರೂಪಾಯಿ. ಪಿಎಸ್ 5 ಬಂದದ್ದು 2021ರ ಫೆಬ್ರವರಿಯಲ್ಲಿ. ಡಿಸ್ಕ್ ಹಾಕುವ ಮಾಡೆಲ್ 49,990. ಹದಿನೈದು ಸಾವಿರ ಉಳಿಯಿತು ಅಂತ ಬೀಗಿದೆ. (ಈಗಿನ ರೇಟು ಬೇರೆ, ಅಂಗಡಿಯಲ್ಲಿ ಕೇಳಿಕೊಳ್ಳಿ.)

ಎಲ್ಲಿ ಉಳಿಯಿತು! ನಮ್ಮದು ಐದು ಜನರ ಗುಂಪು. ಮಿಕ್ಕ ನಾಲ್ವರ ಹತ್ತಿರ ಇರುವುದು ಪಿಎಸ್. ಒಬ್ಬ 4,999 ಕೊಟ್ಟು ಹೊಸ ಡಿಸ್ಕ್ ತರುತ್ತಾನೆ. ಹದಿನೈದು ದಿನದಲ್ಲಿ ಆಡಿ ಮುಗಿಸಿ ಇನ್ನೊಬ್ಬನಿಗೆ ಕೊಡುತ್ತಾನೆ. ಬಿಎಚ್ ರಸ್ತೆಯ ಟೀ ಅಂಗಡಿ ಮುಂದೆ ಕೈ ಬದಲಾಗುತ್ತದೆ. ನಾಲ್ಕು ಮನೆ ಸುತ್ತಿದ ಮೇಲೆ, ಕೆಲಸಕ್ಕೆ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗುವವನು ಅದನ್ನು ಅಲ್ಲೇ ಮಾರಿ ಬರುತ್ತಾನೆ. ತಲೆಗೆ ಏಳೆಂಟು ನೂರು ಬಿದ್ದರೆ ಹೆಚ್ಚು. ನಾನು ಟೀ ಕುಡಿದು ಎದ್ದು ಬರುತ್ತೇನೆ. ನನ್ನ ಡಬ್ಬಕ್ಕೆ ಬಾಯೇ ಇಲ್ಲ, ಡಿಸ್ಕ್ ತುರುಕೋದು ಎಲ್ಲಿಗೆ?

ಡಿಸ್ಕ್ ಇಲ್ಲ ಅಂದರೆ ನಮಗಿರುವುದು ಒಂದೇ ಅಂಗಡಿ, ಕಂಪನಿಯ ಆನ್‌ಲೈನ್ ಅಂಗಡಿ. ಆಫರ್ ಬಂದಾಗ ಕೊಳ್ಳಬಹುದು, ಆದರೆ ಅದಕ್ಕೆ ಕಾಯಬೇಕು. ಕನ್ಸೋಲ್ ಮಾರಿ ಇವರಿಗೆ ಗಿಟ್ಟುವುದು ಕಡಿಮೆ, ಎಷ್ಟೋ ಸಲ ನಷ್ಟಕ್ಕೇ ಕೊಡುತ್ತಾರೆ. ತಮ್ಮ ಅಂಗಡಿಯಲ್ಲಿ ಹೋಗುವ ಪ್ರತಿ ಆಟದಿಂದ ಸುಮಾರು ಶೇ. 30 ಪಾಲು ಎತ್ತಿಕೊಳ್ಳುತ್ತಾರೆ. ಪ್ರಿಂಟರ್ ಅಗ್ಗಕ್ಕೆ ಕೊಟ್ಟು ಇಂಕಿನಲ್ಲಿ ವಸೂಲಿ ಮಾಡಿದ ಹಾಗೆ.

ತಿಪಟೂರು

ನಮ್ಮ ಕಥೆ ಉಲ್ಟಾ. ಮನೆಯಲ್ಲಿ ಎಂಟು, ಹತ್ತು ವರ್ಷದ ಇಬ್ಬರು ಮಕ್ಕಳು. ಯಾವ ಆಟವನ್ನೂ ಎರಡು ದಿನಕ್ಕಿಂತ ಜಾಸ್ತಿ ಆಡುವುದಿಲ್ಲ. ಐದು ಸಾವಿರದ ಡಿಸ್ಕ್ ತಂದಿದ್ದರೆ ಅಟ್ಟ ಸೇರುತ್ತಿತ್ತು. ನಮಗೆ ಎಸ್ ಮತ್ತು ಗೇಮ್ ಪಾಸ್ ಸರಿಹೋಯಿತು. ತಿಂಗಳಿಗೆ ಇಷ್ಟು ಅಂತ ಕಟ್ಟಿದರೆ ಸಾಕು, ರಾಶಿ ರಾಶಿ ಆಟ. ಕಟ್ಟೋದು ನಿಲ್ಲಿಸಿದ ದಿನ ಅವೂ ನಿಲ್ಲುತ್ತವೆ, ಅದು ನೆನಪಿರಲಿ. ದರವೂ ಮೊದಲಿನ ಹಾಗಿಲ್ಲ, ಏರಿದೆ. ದೊಡ್ಡ ಆಟ ಅಂದರೆ 100 ಜಿಬಿ ಡೌನ್‌ಲೋಡ್. ನಡುವೆ ಕರೆಂಟ್ ಹೋದರೆ ನಮ್ಮ ಮಕ್ಕಳ ಮುಖ ನೋಡಬೇಕು ನೀವು.

ಗುಬ್ಬಿ

ಈ ಪೈಪೋಟಿಯನ್ನು ಮೊದಲ ಪ್ಲೇಸ್ಟೇಷನ್ ಕಾಲದಿಂದ ನೋಡುತ್ತಿದ್ದೇನೆ. 1995ರಲ್ಲಿ ಅಮೆರಿಕದಲ್ಲಿ ಸೆಗಾ ಸ್ಯಾಟರ್ನ್ 399 ಡಾಲರ್, ಪ್ಲೇಸ್ಟೇಷನ್ 299. ಸೆಗಾ ಅಲ್ಲೇ ಮುಗ್ಗರಿಸಿತು. ಹಾಗಾದರೆ ಅಗ್ಗದ್ದೇ ಗೆಲ್ಲುತ್ತದಾ? ಮರುವರ್ಷ ನಿಂಟೆಂಡೊ 64 ಬರೀ 199 ಡಾಲರಿಗೆ ಬಂತು. ಆದರೆ ಅದರ ಆಟ ಬರುತ್ತಿದ್ದದ್ದು ಕಾರ್ಟ್ರಿಜ್‌ನಲ್ಲಿ, ಅಂದರೆ ಒಳಗೆ ಚಿಪ್ ಇರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಮಾಡೋ ಖರ್ಚು ಜಾಸ್ತಿ, ಜಾಗ 64 ಎಂಬಿ ದಾಟುತ್ತಿರಲಿಲ್ಲ. ಸಿಡಿಯಲ್ಲಿ ಹತ್ತು ಪಟ್ಟು ಹಿಡಿಯುತ್ತಿತ್ತು. ಅಲ್ಲಿಯವರೆಗೆ ನಿಂಟೆಂಡೊ ಮನೆಯದೇ ಆಗಿದ್ದ ಫೈನಲ್ ಫ್ಯಾಂಟಸಿ ಅನ್ನೋ ಆಟದ ಸರಣಿ 1997ರಲ್ಲಿ ಮೂರು ಸಿಡಿ ಕಟ್ಟಿಕೊಂಡು ಪ್ಲೇಸ್ಟೇಷನ್‌ಗೆ ಬಂತು. ಜನ ಆಟದ ಹಿಂದೆ ಹೋದರು.

ಕ್ಯಾತ್ಸಂದ್ರದವರ ಡಿಸ್ಕ್ ಕಥೆ ಓದಿ 2013 ನೆನಪಾಯಿತು. ಎಕ್ಸ್‌ಬಾಕ್ಸ್ ಒನ್‌ಗೆ 499 ಡಾಲರ್, ಪಿಎಸ್ 4ಕ್ಕೆ 399. ಅದರ ಮೇಲೆ ಎಕ್ಸ್‌ಬಾಕ್ಸ್ ಮಾಡುವ ಮೈಕ್ರೋಸಾಫ್ಟ್, ಡಿಸ್ಕನ್ನು ಗೆಳೆಯರಿಗೆ ಕೊಡಲು, ಮಾರಲು ನಾನಾ ಷರತ್ತು ಹಾಕಿತು. ಪ್ಲೇಸ್ಟೇಷನ್ ಮಾಡುವ ಸೋನಿಯವರು ಒಂದು ಚಿಕ್ಕ ವಿಡಿಯೋ ಬಿಟ್ಟರು. ಒಬ್ಬ ಇನ್ನೊಬ್ಬನ ಕೈಗೆ ಡಿಸ್ಕ್ ಕೊಡುತ್ತಾನೆ, ಅಷ್ಟೇ! ಅದೇ ತಿಂಗಳು ಷರತ್ತು ವಾಪಸ್ ಆಯಿತು, ಆದರೆ ಹೆಸರು ಕೆಟ್ಟಿತ್ತು. ಪಿಎಸ್ 4 ಮುಂದೆ 11 ಕೋಟಿಗೂ ಹೆಚ್ಚು ಮಾರಾಟವಾಯಿತು. ಈಗ ಡಿಸ್ಕ್ ಇಲ್ಲದ ಮಾಡೆಲ್ ಸೋನಿಯೂ ಮಾರುತ್ತದೆ. ಆಗ ನಕ್ಕವರು ಇವರೇ.

ಶಿರಾ

ಆ ಆಟ ಅಲ್ಲಿ ಮಾತ್ರ, ಈ ಆಟ ಇಲ್ಲಿ ಮಾತ್ರ ಅನ್ನೋ ಲೆಕ್ಕ ಸಡಿಲವಾಗಿದೆ. ಮೈಕ್ರೋಸಾಫ್ಟಿನ ಫೋರ್ಜಾ ಹೊರೈಜನ್ 5 ಅನ್ನು 2025ರಲ್ಲಿ ಪಿಎಸ್ 5ರಲ್ಲೇ ಆಡಿದೆ. ಸೋನಿಯ ಸ್ಪೈಡರ್‌ಮ್ಯಾನ್ ಪಿಸಿಗೆ ಬಂತೇ ಹೊರತು ಎಕ್ಸ್‌ಬಾಕ್ಸ್‌ಗೆ ಬರಲಿಲ್ಲ. ಹೀಗಾಗಿ ತಕ್ಕಡಿ ಪಿಎಸ್ ಕಡೆಗೇ.

ಕೇಳಿದವರು

ಮಗನ ಗೆಳೆಯರನ್ನು ವಿಚಾರಿಸಿದೆ. ಮೂವರ ಹತ್ತಿರ ಹಳೆಯ ಪಿಎಸ್ 4 ಇದೆಯಂತೆ, ಡಿಸ್ಕ್ ಹದಿನೈದರ ಮೇಲಿವೆ. ಪಿಎಸ್ 5ರಲ್ಲಿ ಅವು ಓಡುತ್ತವಾ?

ಶಿರಾ

ಹೆಚ್ಚುಕಮ್ಮಿ ಎಲ್ಲ ಓಡುತ್ತವೆ. ಡಿಸ್ಕ್ ಡ್ರೈವ್ ಇರುವ ಮಾಡೆಲ್ಲೇ ಕೇಳಿ, ಡಿಜಿಟಲ್ ಎಡಿಷನ್ ಅಂತ ಬರೆದದ್ದನ್ನು ತರಬೇಡಿ.

ಕ್ಯಾತ್ಸಂದ್ರ

ಅಂದಹಾಗೆ, ನನ್ನ ಎಸ್ ಮಾರಾಟಕ್ಕಿದೆ. ನೀವು ಕೊಳ್ಳಲ್ಲ ಅಂತ ಗೊತ್ತಾಯಿತು ಬಿಡಿ. ತಿಪಟೂರಿನವರೇ, ಇನ್ನೊಬ್ಬ ಮಗುವಿಗೂ ಒಂದು ಬೇಕಾ?