ಆರ್ಟ್ ಥೆರಪಿ ಓದಬೇಕೆಂದಿದ್ದೇನೆ, ಓದಿದವರು ಅನುಭವ ಹೇಳಿ

ತೀರ್ಥಹಳ್ಳಿಯಿಂದ ಪ್ರಶ್ನೆ:

ಬಿವಿಎ (ಚಿತ್ರಕಲೆಯ ಪದವಿ) ಮುಗಿಸಿ ಇಲ್ಲಿನ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದೇನೆ. ಇಡೀ ದಿನ ಬಾಯಿ ಬಿಡದ ಮಕ್ಕಳು ಬಣ್ಣ ಕೈಗೆ ಸಿಕ್ಕಿದ ಕೂಡಲೇ ಬೇರೆಯೇ ಆಗಿಬಿಡುವುದನ್ನು ನೋಡಿ ಆರ್ಟ್ ಥೆರಪಿಯಲ್ಲಿ, ಅಂದರೆ ಚಿತ್ರ ಮಾಡಿಸುತ್ತ ಮನಸ್ಸಿನ ನೋವಿಗೆ ನೆರವಾಗುವ ಚಿಕಿತ್ಸೆಯಲ್ಲಿ, ಸ್ನಾತಕೋತ್ತರ ಓದುವ ಆಸೆ ಬಂದಿದೆ. ಸೈಕಾಲಜಿ ಓದಿಲ್ಲ. ವಾರಾಂತ್ಯದ ಆನ್‌ಲೈನ್ ಸರ್ಟಿಫಿಕೇಟ್ ಸಾಕಾಗುತ್ತಾ? ತರಗತಿ ಹೇಗಿರುತ್ತದೆ, ಜೊತೆಯಲ್ಲಿ ಓದುವವರು ಎಂಥವರು? ಓದಿದ ಮೇಲೆ ಊರಿಗೇ ವಾಪಸ್ ಬರಬೇಕು ಅಂತಿದ್ದೇನೆ. ಮನೆಯಲ್ಲಿ "ಅದನ್ನು ಓದಿ ಎಂಥ ಕೆಲಸ ಸಿಗ್ತದೆ?" ಅಂತ ಕೇಳುತ್ತಿದ್ದಾರೆ. ತಿಳಿದವರು ದಯವಿಟ್ಟು ಹೇಳಿ.

ಸಾಗರದಿಂದ:

ತಂಗೀ, ನೀನು ಅಂದರೆ ಬೇಸರ ಇಲ್ಲ ತಾನೇ? ನಾನು ಬ್ರಿಟನ್ನಿನಲ್ಲಿ ಆರ್ಟ್ ಥೆರಪಿ ಓದಿ ಬಂದು ಈಗ ಸಾಗರದ ಸುತ್ತಮುತ್ತ ಮಕ್ಕಳ ಜೊತೆ ಕೆಲಸ ಮಾಡುತ್ತಿದ್ದೇನೆ.

ಮೊದಲು ಸರ್ಟಿಫಿಕೇಟ್ ವಿಷಯ. ವಾರಾಂತ್ಯದ ಕೋರ್ಸಿನಿಂದ ಆಸಕ್ತಿ ಕುದುರುತ್ತದೆ, ನಾಲ್ಕು ಜನರ ಪರಿಚಯವಾಗುತ್ತದೆ. ಅಷ್ಟಕ್ಕೆ ಮಾಡು. ಆದರೆ ಅದೊಂದನ್ನೇ ನೆಚ್ಚಿಕೊಂಡು ನೊಂದವರ ಎದುರು ಕೂರಬೇಡ. ಪುಸ್ತಕದ ಪಾಠ ಎಲ್ಲಿ ಬೇಕಾದರೂ ಸಿಕ್ಕೀತು. ಪೂರ್ತಿ ತರಬೇತಿಯಲ್ಲಿ ಸಿಗುವುದೇ ಬೇರೆ: ನಿಜವಾದ ಆಸ್ಪತ್ರೆಯಲ್ಲೋ ಶಾಲೆಯಲ್ಲೋ ತಿಂಗಳುಗಟ್ಟಲೆ ಪ್ಲೇಸ್‌ಮೆಂಟ್ (ಕೆಲಸ ಮಾಡುತ್ತಲೇ ಕಲಿಯುವುದು), ಪ್ರತಿ ವಾರ ಆ ಕೆಲಸವನ್ನು ಗಮನಿಸುವ ಸೂಪರ್‌ವೈಸರ್ ಎದುರು ಕೂತು "ಆ ಮಗು ಹಾಳೆ ಹರಿದಾಗ ನಿನಗೇನಾಯಿತು?" ಎಂಬ ಪ್ರಶ್ನೆಗೆ ಉತ್ತರ ಹುಡುಕುವುದು. ಬ್ರಿಟನ್ನಿನಲ್ಲಿ ಇದು ಪೂರ್ಣಾವಧಿಯಾದರೆ ಸಾಮಾನ್ಯವಾಗಿ 2 ವರ್ಷದ ಎಂ.ಎ. ಓದುವಷ್ಟು ಕಾಲ ವಿದ್ಯಾರ್ಥಿಯೂ ಒಬ್ಬ ಥೆರಪಿಸ್ಟ್ ಹತ್ತಿರ ಹೋಗುತ್ತಿರಬೇಕು. ಕಾಲೇಜಿನ ಫೀಸು ಲೆಕ್ಕ ಹಾಕುವಾಗ ಆ ಖರ್ಚನ್ನೂ ಸೇರಿಸಿಕೋ. ಅಲ್ಲಿ ಎಚ್‌ಸಿಪಿಸಿ, ಅಂದರೆ ಆರೋಗ್ಯ ವೃತ್ತಿಯವರ ಪರಿಷತ್ತಿನ ನೋಂದಣಿ ಇಲ್ಲದವರು ತಮ್ಮನ್ನು ಆರ್ಟ್ ಥೆರಪಿಸ್ಟ್ ಎಂದು ಕರೆದುಕೊಳ್ಳುವುದು ಕಾನೂನಿಗೆ ವಿರುದ್ಧ.

ಇಷ್ಟೊಂದು ಕಟ್ಟುನಿಟ್ಟು ಯಾಕೆ ಅಂತ ಕೇಳಿದರೆ ಒಂದು ಸಂಗತಿ ಹೇಳುತ್ತೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಅಡಿಕೆ ಕೊಯ್ಲಿನ ಕಾಲ. ಒಬ್ಬ ಹುಡುಗ ಹಾಳೆಗೆ ಕಡುಗೆಂಪು ಬಳಿಯತೊಡಗಿದ. ಬಳಿದದ್ದರ ಮೇಲೇ ಮತ್ತೆ ಬಳಿದ, ಹಾಳೆ ನೆನೆದು ನಡುವೆ ಬಿರಿಯುವ ತನಕ. ಅಲ್ಲೇ ಇದ್ದ ಶಿಕ್ಷಕರೊಬ್ಬರು ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ರಕ್ತ ಅಲ್ವಾ? ಮನೆಯಲ್ಲಿ ಹೊಡೀತಾರೆ ಕಾಣ್ತದೆ" ಅಂದರು. ಹುಡುಗನ ಹತ್ತಿರ ನಾನು ಕೇಳಿದ್ದು "ಇದರ ಬಗ್ಗೆ ಏನಾದ್ರೂ ಹೇಳ್ತೀಯಾ?" ಅಂತ ಮಾತ್ರ. "ಚೊಗರು" ಅಂದ. ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಕಡುಗೆಂಪು ನೀರು! ನಮ್ಮ ಕಡೆಯ ಮಕ್ಕಳಿಗೆ ಹುಟ್ಟಿದಾಗಿನಿಂದ ಗೊತ್ತಿರುವ ಬಣ್ಣ. ಮುಂದೆ ಕೆಲವು ವಾರ ಬರೀ ಹಂಡೆ, ಒಲೆ, ಅಡಿಕೆ ಸುಲಿಯುವ ಮೆಟ್ಟುಗತ್ತಿ ಬರೆದ. ಆಮೇಲೆ ಒಂದು ದಿನ ತಾನಾಗಿಯೇ ಹೇಳಿದ: ಸುಲಿಯುವ ಕೆಲಸಕ್ಕೆ ಅಮ್ಮ ರಾತ್ರಿ ಬೇರೆ ಮನೆಗೆ ಹೋಗುತ್ತಾರೆ, ಅವರು ಬರುವವರೆಗೆ ಇವನು ಒಬ್ಬನೇ ಎಚ್ಚರ ಕೂತಿರುತ್ತಾನೆ. ಮೊದಲ ದಿನವೇ "ರಕ್ತ" ಅಂತ ನಾವು ತೀರ್ಮಾನ ಮಾಡಿಬಿಟ್ಟಿದ್ದರೆ ಆ ಮಾತು ಹೊರಗೆ ಬರುತ್ತಿರಲಿಲ್ಲ. ಚಿತ್ರ ನೋಡಿ ಮನಸ್ಸು ಹೇಳಿಬಿಡುವ ಆತುರ ನಮ್ಮೆಲ್ಲರಲ್ಲೂ ಇದೆ. ತರಬೇತಿಯ ಬಹುಪಾಲು ಆ ಆತುರವನ್ನು ಕೈಬಿಡಿಸುವುದಕ್ಕೇ ಹೋಗುತ್ತದೆ.

ಅವನಿಗೆ ಹಗುರಾದದ್ದು ಬಳಿದದ್ದರಿಂದಲೋ, ಹೇಳಿಕೊಂಡದ್ದರಿಂದಲೋ? ಈ ವಿದ್ಯೆ ಶುರುವಾದಾಗಿನಿಂದ ಇರುವ ಪ್ರಶ್ನೆ ಇದು. ಅಮೆರಿಕದಲ್ಲಿ ಇದಕ್ಕೆ ಬುನಾದಿ ಹಾಕಿದವರಲ್ಲಿ ಮಾರ್ಗರೆಟ್ ನೌಮ್‌ಬರ್ಗ್ ಚಿತ್ರವನ್ನು ಮನಸ್ಸಿನ ಆಳದ ಮಾತಿಗೆ ದಾರಿ ಎಂದು ಕಂಡರು. ಎಡಿತ್ ಕ್ರೇಮರ್ ಚಿತ್ರ ಮಾಡುವ ಕೆಲಸದಲ್ಲೇ ಗುಣವಿದೆ ಎಂದರು. ನಮ್ಮ ಬ್ಯಾಚ್ ಇದರ ಮೇಲೆ ಊಟ ಬಿಟ್ಟು ವಾದ ಮಾಡುತ್ತಿತ್ತು. ನನ್ನ ಒಲವು ಕ್ರೇಮರ್ ಕಡೆಗೆ. ನೀನು ಓದುವಾಗ ಇಬ್ಬರನ್ನೂ ಓದು.

ಶಿವಮೊಗ್ಗದಿಂದ, ಕೌನ್ಸೆಲರ್:

ಅಕ್ಕ ಹೇಳಿದ್ದು ಸರಿ. ನಾನು ಕಾಗದಪತ್ರದ ವಿಷಯ ಹೇಳುತ್ತೇನೆ, ಮನೆಯವರು ಕೇಳುತ್ತಿರುವುದು ಅದನ್ನೇ.

ನಮ್ಮ ದೇಶದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಆರ್ಟ್ ಥೆರಪಿ ಓದಿದ ಮಾತ್ರಕ್ಕೆ ಅದು ಸಿಗುವುದಿಲ್ಲ. ಆರೋಗ್ಯ ಸೇವೆಯ ನಾನಾ ವೃತ್ತಿಗಳಿಗೆ ಸಂಬಂಧಿಸಿದ 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯ ಪಟ್ಟಿಯಲ್ಲಿ ಮೂವ್‌ಮೆಂಟ್ ಥೆರಪಿಸ್ಟ್ ಎಂಬ ವರ್ಗದ ಒಳಗೆ ಆರ್ಟ್ ಮತ್ತು ಡಾನ್ಸ್ ಥೆರಪಿಯನ್ನು ಸೇರಿಸಿದ್ದಾರೆ. ಕಾನೂನಿನ ಕಣ್ಣಿಗೆ ಬಿದ್ದದ್ದೇ ದೊಡ್ಡ ವಿಷಯ ಅಂತ ನನ್ನ ಭಾವನೆ. ಆದರೆ ಆ ಹೆಸರಿನ ಹುದ್ದೆಗೆ ಶಿವಮೊಗ್ಗದಲ್ಲಿ ಅರ್ಜಿ ಕರೆದದ್ದನ್ನು ನಾನು ಕಂಡಿಲ್ಲ. ಇಲ್ಲಿ ಕೆಲಸ ಸಿಗುವುದು ಕೌನ್ಸೆಲರ್ ಎಂದೋ ವಿಶೇಷ ಶಿಕ್ಷಕಿ ಎಂದೋ. ಅದರೊಳಗೆ ನಿಮ್ಮ ವಿದ್ಯೆಗೆ ಜಾಗ ಮಾಡಿಕೊಳ್ಳಬೇಕು.

ಹಾಗಾಗಿ ನನ್ನ ಸಲಹೆ: ಸೈಕಾಲಜಿ ಎಂ.ಎಸ್ಸಿ. ಒಂದು ಕೈಯಲ್ಲಿರಲಿ, ಅದರ ಮೇಲೆ ಆರ್ಟ್ಸ್ ಥೆರಪಿ ಡಿಪ್ಲೊಮಾ ಮಾಡಿ. ಬಿವಿಎ ಆದವರನ್ನು ಎಂ.ಎಸ್ಸಿ.ಗೆ ತೆಗೆದುಕೊಳ್ಳುತ್ತಾರೋ ಇಲ್ಲವೋ ಎಂದು ಆಯಾ ವಿಶ್ವವಿದ್ಯಾಲಯದಲ್ಲೇ ಮೊದಲು ವಿಚಾರಿಸಿ. ಅಂಚೆ ಮೂಲಕ ಓದೋಣ ಅಂದುಕೊಂಡಿದ್ದರೆ ಆ ದಾರಿ ಮುಚ್ಚಿದೆ: 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಸೈಕಾಲಜಿಯನ್ನು ದೂರಶಿಕ್ಷಣ, ಆನ್‌ಲೈನ್ ಎರಡರಲ್ಲೂ ಯುಜಿಸಿ ನಿಲ್ಲಿಸಿದೆ. ಈಗಲೂ "ಮನೆಯಲ್ಲೇ ಕೂತು ಎಂ.ಎಸ್ಸಿ. ಸೈಕಾಲಜಿ" ಅಂತ ಫೋನ್ ಮಾಡುವವರಿದ್ದಾರೆ, ದುಡ್ಡು ಕಟ್ಟಬೇಡಿ.

ಊರಿಗೆ ಬರುವ ಆಸೆ ಬಿಡಬೇಡಿ. ಮನೋವೈದ್ಯ ಡಾ. ಅಶೋಕ್ ಪೈ ಅವರು ಇಲ್ಲೇ ನೆಲೆ ನಿಂತು ಸಿನಿಮಾ, ಬರಹ, ಭಾಷಣ ಎಲ್ಲದರಲ್ಲೂ ಮನಸ್ಸಿನ ಕಾಯಿಲೆಯ ಮಾತಾಡಿದ್ದರಿಂದ ನಮ್ಮ ಜಿಲ್ಲೆಯಲ್ಲಿ ನೆಲ ಹದವಾಗಿದೆ.

ಕೊಪ್ಪದ ವಿದ್ಯಾರ್ಥಿನಿ, ಈಗ ಮುಂಬೈಯಲ್ಲಿ:

ಜೊತೆಯವರ ಬಗ್ಗೆ ಕೇಳಿದ್ದೀರಲ್ಲ, ಅದನ್ನು ನಾನು ಹೇಳುತ್ತೇನೆ, ಯಾಕೆಂದರೆ ನಾನು ಕೋರ್ಸಿನಲ್ಲಿ ಉಳಿದದ್ದೇ ಅವರಿಂದ. ನಮ್ಮ ಡಿಪ್ಲೊಮಾ ಬ್ಯಾಚಿನಲ್ಲಿ ನರ್ಸ್ ಇದ್ದಾರೆ, ಶಾಲೆಯ ಕೌನ್ಸೆಲರ್ ಇದ್ದಾರೆ, ನಾಟಕದವರಿದ್ದಾರೆ, ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿ ಮತ್ತೆ ಓದಲು ಬಂದವರಿದ್ದಾರೆ. ಚಿತ್ರಕಲೆ ಓದಿ ಬಂದವರೇ ಕಡಿಮೆ. ಮೊದಮೊದಲು ನಿಮಗೆ ಕೈ ಚೆನ್ನಾಗಿ ಓಡುತ್ತದೆ ಎಂಬುದೇ ತೊಡಕಾಗಬಹುದು, ಚಂದ ಕಾಣುವ ಚಿತ್ರ ಮಾಡಿ ಅದರ ಹಿಂದೆ ಅಡಗಿಕೊಳ್ಳುವುದು ಸುಲಭ.

ವಾರಕ್ಕೊಮ್ಮೆ ಎಲ್ಲರೂ ಚಿತ್ರ ನೆಲದ ಮೇಲಿಟ್ಟು ಸುತ್ತ ಕೂರುತ್ತೇವೆ. ನಿಯಮ ಒಂದೇ, ಕಣ್ಣಿಗೆ ಕಂಡದ್ದನ್ನು ಮಾತ್ರ ಹೇಳಬೇಕು. "ಎಡಮೂಲೆ ಖಾಲಿ ಇದೆ", "ಇಲ್ಲಿ ಪೆನ್ಸಿಲ್ ಒತ್ತಿ ಬಿದ್ದಿದೆ", ಅಷ್ಟೇ. "ನಿಂಗೆ ಒಂಟಿತನ" ಅಂದರೆ ಟೀಚರ್ ತಡೆಯುತ್ತಾರೆ. ಪ್ಲೇಸ್‌ಮೆಂಟಿನಲ್ಲಿ ಕಷ್ಟದ ದಿನ ಬಂದರೆ ರಾತ್ರಿ ಕೂತು ನಾವೇ ಒಂದು ಚಿತ್ರ ಮಾಡಿ ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತೇವೆ. ರೋಗಿಯ ಹೆಸರಾಗಲಿ ಕಥೆಯಾಗಲಿ ಬರುವುದಿಲ್ಲ, ನಮಗಾದದ್ದು ಮಾತ್ರ. ಎಲ್ಲಿ ಸೇರುವುದಾದರೂ ಮೊದಲು ಹಳೇ ವಿದ್ಯಾರ್ಥಿಗಳಿಗೆ ಫೋನ್ ಮಾಡಿ "ಸೂಪರ್‌ವಿಷನ್ ಯಾರು ಕೊಡ್ತಾರೆ, ಗುಂಪಿನಲ್ಲಿ ಎಷ್ಟು ಜನ, ಬ್ಯಾಚ್ ಈಗಲೂ ಸೇರ್ತದಾ?" ಅಂತ ಕೇಳಿ.

ಸಾಮಗ್ರಿಯ ಪಾಠ ನಿಮಗೆ ಇಷ್ಟವಾಗುತ್ತದೆ. 1978ರಲ್ಲಿ ಕೇಗಿನ್ ಮತ್ತು ಲುಸೆಬ್ರಿಂಕ್ ಎಂಬ ಆರ್ಟ್ ಥೆರಪಿಸ್ಟರು ರೂಪಿಸಿದ ಒಂದು ಚೌಕಟ್ಟಿದೆ. ಪೆನ್ಸಿಲ್, ಕೊಲಾಜ್ ಹಿಡಿತ ಕೊಡುತ್ತವೆ, ಒದ್ದೆ ಹಾಳೆಯ ಮೇಲಿನ ಜಲವರ್ಣ ಹಿಡಿತ ಬಿಡಿಸುತ್ತದೆ. ಕಂಗಾಲಾಗಿರುವವರಿಗೆ ಮೊದಲ ದಿನವೇ ನೀರು-ಬಣ್ಣ ಕೊಟ್ಟರೆ ಇನ್ನಷ್ಟು ತಳಮಳವಾದೀತು. ಇದು ಡ್ರಾಯಿಂಗ್ ಕ್ಲಾಸಿನಲ್ಲಿ ಯಾರೂ ಹೇಳಿಕೊಡದ ವಿಷಯ.

ಸೊರಬದಿಂದ:

ಒಂದೇ ಮಾತು. ಊರಿಗೆ ಬಂದ ಮೇಲೆ ಕ್ರೇಯಾನ್ ಒಂದನ್ನೇ ನೆಚ್ಚಬೇಡಿ. ನಮ್ಮ ದೀವರ ಸಮುದಾಯದ ಮನೆಗಳ ಗೋಡೆಯ ಮೇಲಿನ ಹಸೆ ಚಿತ್ತಾರಕ್ಕೆ ಕೆಮ್ಮಣ್ಣು, ಅಕ್ಕಿ ಹಿಟ್ಟು, ಸುಟ್ಟ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಪೆನ್ನು ಹಿಡಿಯಲು ಹಿಂಜರಿಯುವ ಅಜ್ಜಿಯರು ಅದನ್ನು ಸಲೀಸಾಗಿ ಹಿಡಿಯುತ್ತಾರೆ. ಆದರೆ ಹಸೆ ಮದುವೆಗೆ ಬರೆಯುವುದು. ಅದನ್ನು ಥೆರಪಿ ಅಂತ ಹೆಸರಿಟ್ಟು ಎಲ್ಲೆಂದರಲ್ಲಿ ಬರೆಸಬೇಡಿ, ಮೊದಲು ಬರೆಯುವ ಹೆಂಗಸರ ಜೊತೆ ಕೂತು ಕೇಳಿ.

ತೀರ್ಥಹಳ್ಳಿಯಿಂದ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮನೆಯಲ್ಲಿ ಇದನ್ನೆಲ್ಲ ಓದಿ ಹೇಳಿದೆ, ಎಂ.ಎಸ್ಸಿ. ಮಾತಿಗೆ ಅಪ್ಪ ಒಪ್ಪಿದ ಹಾಗೆ ಕಾಣುತ್ತದೆ. ಇನ್ನೊಂದು ಪ್ರಶ್ನೆ ಅಕ್ಕಾ. ಅರ್ಜಿಗೆ ಪೋರ್ಟ್‌ಫೋಲಿಯೊ ಕೇಳುತ್ತಾರಂತೆ. ನನ್ನ ಶಾಲೆಯ ಮಕ್ಕಳು ಮಾಡಿದ ಚಿತ್ರಗಳ ಫೋಟೋ ಇವೆ, ಹಾಕಬಹುದಾ?

ಸಾಗರದಿಂದ:

ಬೇಡ ತಂಗಿ. ಅವು ಮಕ್ಕಳವು. ಹೆಸರು ಮುಚ್ಚಿದರೂ ನಮ್ಮಂಥ ಸಣ್ಣ ಊರಿನಲ್ಲಿ ಯಾರ ಮಗುವಿನದು ಎಂದು ತಿಳಿಯಲು ಹೊತ್ತು ಹಿಡಿಯುವುದಿಲ್ಲ. ಥೆರಪಿಯಲ್ಲಿ ಮಾಡಿದ ಚಿತ್ರವಂತೂ ರೋಗಿಯ ದಾಖಲೆಯಷ್ಟೇ ಗುಟ್ಟಿನದು. ಈಗಿನಿಂದಲೇ ಆ ಅಭ್ಯಾಸ ಇರಲಿ. ಸ್ಟೇಟಸ್ಸಿಗೂ ಹಾಕಬೇಡ.

ಪೋರ್ಟ್‌ಫೋಲಿಯೊದಲ್ಲಿ ನಿನ್ನ ಕೆಲಸವೇ ಇರಲಿ. ಬಿವಿಎಯ ನಯವಾದ ಚಿತ್ರಗಳ ಜೊತೆ ಸ್ಕೆಚ್‌ಬುಕ್ಕಿನ ಗೀಚು, ಅರ್ಧಕ್ಕೆ ಬಿಟ್ಟದ್ದು, ಮಣ್ಣಿನಲ್ಲಿ ಮಾಡಿದ್ದು ಎಲ್ಲ ಸೇರಿಸು. ಸಂದರ್ಶನದಲ್ಲಿ ಅರ್ಧ ಬಿಟ್ಟದ್ದರ ಬಗ್ಗೆಯೇ ಹೆಚ್ಚು ಕೇಳಿಯಾರು. ಮಕ್ಕಳ ಜೊತೆಗಿನ ಅನುಭವವನ್ನು ಯಾರ ಗುರುತೂ ಸಿಗದಂತೆ ಒಂದು ಪುಟದಲ್ಲಿ ಬರೆ.

ಮತ್ತೆ ತೀರ್ಥಹಳ್ಳಿಯ ಮಳೆ ನಿನಗೇ ಗೊತ್ತು. ಬಿಡಿ ಹಾಳೆಗಳನ್ನು ಬಿಸಿಲಿರುವಾಗಲೇ ಚೆನ್ನಾಗಿ ಒಣಗಿಸಿ, ಫೋಟೋ ತೆಗೆದು, ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಿಡು. ಇಲ್ಲದಿದ್ದರೆ ಆಷಾಢ ಕಳೆಯುವಷ್ಟರಲ್ಲಿ ಬೂಷ್ಟು ಹಿಡಿದುಬಿಡುತ್ತದೆ.