ಲೀಗಲ್ಲಿ ಫಸ್ಟ್ ಬಂದ್ಮೇಲೂ ಮತ್ತೆ ಟೂರ್ನಮೆಂಟ್ ಎಂತಕ್ಕೆ? ಅಮೆರಿಕದ ಕಾಲೇಜ್ ಐಸ್ ಹಾಕಿ ಗೊತ್ತಿದ್ದವ್ರು ಸ್ವಲ್ಪ ಹೇಳಿ

ಕಡೆಕಾರ್ ಹುಡುಗ (ಉಡುಪಿ)

ಎಲ್ರಿಗೂ ನಮಸ್ಕಾರ. ನನ್ನ ತಂಗಿ ಅಮೆರಿಕದಲ್ಲಿ ಮೇಯ್ನ್ ಯೂನಿವರ್ಸಿಟಿಯಲ್ಲಿ ಎಂಎಸ್ ಮಾಡ್ತಾ ಇದ್ದಾಳೆ, ಓರೊನೊ ಅಂತ ಊರು, ಭಯಂಕರ ಚಳಿ. ಊರಲ್ಲಿದ್ದಾಗ ಅವ್ಳಿಗೆ ಕ್ರಿಕೆಟ್ ಸ್ಕೋರ್ ಕೂಡ ಬೇಡ, ಈಗ ಫೋನ್ ಮಾಡಿದ್ರೆ ಐಸ್ ಹಾಕಿ ಬಿಟ್ಟು ಬೇರೆ ಮಾತೇ ಇಲ್ಲ. ಮೊನ್ನೆ ಅವ್ರ ಆಲ್ಫಂಡ್ ಅರೀನಾದಿಂದ್ಲೇ ವಿಡಿಯೋ ಕಾಲ್ ಮಾಡಿದ್ಳು, ಅವ್ಳು ಕೂತಿದ್ದ ಕಡೆಯೇ ಒಬ್ಬ ಇನ್ನೊಬ್ಬನನ್ನು ತಂದು ಗಾಜಿಗೆ ಒತ್ತಿದ, ಗಾಜು ಗಡಗಡ ನಡುಗಿತು, ಹೆಲ್ಮೆಟ್ಟಿನ ಜಾಲರಿ ಒಳಗಿಂದ ಅವ್ನ ಉಸಿರು ಗಾಜಿನ ಮೇಲೆ ಬಿಳಿ ಮಂಜಾಗಿ ಕೂತದ್ದು ನಂಗೆ ಇಲ್ಲಿ ಫೋನಲ್ಲಿ ಕಂಡಿತು. ಆಮೇಲೆ ಅವ ಬಗ್ಗಿ ಕೋಲು ಹೆಕ್ಕಿಕೊಂಡು ಏನೂ ಆಗದವರ ಹಾಗೆ ಓಡಿದ. ನಾನು ಐದಾರು ವರ್ಷ ಕಾಲೇಜ್ ಕಬಡ್ಡಿ ಆಡಿದವ, ಅದು ನೋಡಿ ನಂಗೂ ಹಿಡಿದುಬಿಟ್ಟಿತು.

ನನ್ನ ಡೌಟ್ ಎಂತ ಅಂದ್ರೆ, ಇವ್ರ ಹಾಕಿ ಈಸ್ಟ್ ಅಂತ ಒಂದು ಕಾನ್ಫರೆನ್ಸ್ (ಕಾಲೇಜುಗಳ ಲೀಗ್) ಉಂಟಂತೆ, 11 ಕಾಲೇಜು, ಅಕ್ಟೋಬರಿಂದ ಶುರುವಾಗಿ ಮಾರ್ಚ್ ತನಕ ಆಡ್ತಾರೆ, ಪಾಯಿಂಟ್ಸ್ ಟೇಬಲ್ ಆಗ್ತದೆ, ಯಾರೋ ಫಸ್ಟ್ ಬರ್ತಾರೆ. ಅಲ್ಲಿಗೆ ಮುಗಿಬೇಕಲ್ವಾ? ಇಲ್ಲ, ಮತ್ತೆ 11 ಟೀಮನ್ನೂ ಸೇರಿಸಿ ಚಾಂಪಿಯನ್‌ಶಿಪ್ ಟೂರ್ನಮೆಂಟ್ ಅಂತ ಮಾಡ್ತಾರೆ. ಕೊನೇ ಸ್ಥಾನದವನಿಗೂ ಚಾನ್ಸ್ ಇದ್ರೆ ಐದು ತಿಂಗಳು ಮೈ ಮುರಿದು ಆಡಿದ್ದಕ್ಕೆ ಎಂತ ಬೆಲೆ? ತಂಗಿಯತ್ರ ಕೇಳಿದ್ರೆ "ಅಣ್ಣ ನೀನು ಒಮ್ಮೆ ಪೂರ್ತಿ ನೋಡು, ಗೊತ್ತಾಗ್ತದೆ" ಅಂತಾಳೆ. 2025ರಲ್ಲಿ ಮೇಯ್ನ್ ಕಪ್ ಗೆದ್ದಾಗ ಅವ್ಳಿಗೆ ಪರೀಕ್ಷೆ ಇತ್ತು, ಬಾಸ್ಟನ್‌ಗೆ ಹೋಗ್ಲಿಕ್ಕೆ ಆಗ್ಲಿಲ್ಲ, ಅದ್ರ ಬೇಜಾರು ಈಗ್ಲೂ ಉಂಟು. ಈ ಸರ್ತಿ ಅವ್ಳ ಜೊತೆ ನಾನೂ ಇಲ್ಲಿಂದ ನೋಡ್ಬೇಕು ಅಂತ ಉಂಟು, ಅದ್ಕೆ ಕೇಳಿದ್ದು.

ಕದ್ರಿ ಗುಡ್ಡೆ (ಮಂಗಳೂರು)

ನಾನು ಆರು ವರ್ಷ ಬಾಸ್ಟನ್ ಹತ್ರ ಕೆಲಸದಲ್ಲಿದ್ದೆ, ಮೂರು ಸಲ ಈ ಟೂರ್ನಮೆಂಟ್ ಅಲ್ಲಿಯ ಟಿಡಿ ಗಾರ್ಡನ್ ಅರೀನಾದಲ್ಲಿ ಕೂತು ನೋಡಿದ್ದೇನೆ. ಸ್ವಲ್ಪ ಉದ್ದ ಆಗ್ತದೆ, ಓದಿ.

ಮೊದ್ಲು ಲೀಗಿನ ಬೆಲೆ ಎಲ್ಲುಂಟು ಅಂತ ಹೇಳ್ತೇನೆ. 11 ಟೀಮೂ ಒಳಗೆ ಬರ್ತಾರೆ ಹೌದು, ಆದ್ರೆ ಒಂದೇ ಬಾಗಿಲಿಂದ ಅಲ್ಲ. ಟೇಬಲಲ್ಲಿ ಮೇಲಿನ ಐದು ಜನಕ್ಕೆ ಮೊದ್ಲ ರೌಂಡ್ ಬೈ, ಅವ್ರು ಮನೆಯಲ್ಲಿ ಕಾಲು ಚಾಚಿ ರೆಸ್ಟ್ ಮಾಡ್ಬಹುದು. ಉಳಿದ ಆರು ಜನ ಆಡ್ಬೇಕು, 6ನೆಯವ 11ನೆಯವನ ಜೊತೆ, 7 ಮತ್ತು 10, 8 ಮತ್ತು 9. ಅಲ್ಲಿ ಗೆದ್ದ ಮೂರು, ಬೈ ಸಿಕ್ಕಿದ ಐದು, ಒಟ್ಟು ಎಂಟು ಆಯ್ತಲ್ಲ, ಕ್ವಾರ್ಟರ್ ಫೈನಲ್. ಅದೂ ಮೇಲಿನ ಸೀಡಿನವನ, ಅಂದ್ರೆ ಟೇಬಲಲ್ಲಿ ಮೇಲಿದ್ದವನ ಊರಲ್ಲೇ. ಈ "ಅವನ ಊರಲ್ಲೇ" ಅನ್ನುದು ಸಣ್ಣ ವಿಷಯ ಅಲ್ಲ ಮಾರಾಯ್ರೆ, ನಿಮ್ಮ ತಂಗಿ ಕೂತ ಆಲ್ಫಂಡ್ ಉಂಟಲ್ಲ, ಸುಮಾರು ಐದು ಸಾವಿರ ಜನ ಹಿಡಿಯುವ ತಗ್ಗು ಮಾಡಿನ ಜಾಗ, ಬ್ಯಾಂಡ್ ಶುರುವಾದ್ರೆ ಪಕ್ಕದವ ಮಾತಾಡಿದ್ದು ಕೇಳುದಿಲ್ಲ. ಅಲ್ಲಿಗೆ ಬೇರೆ ಊರಿಂದ ಬಸ್ಸಲ್ಲಿ ಬಂದು ಗೆಲ್ಲುದು ಅಂದ್ರೆ ಕಷ್ಟ. ಎಲ್ಲ ನಾಕೌಟ್, ಒಂದು ಸೋತ್ರೆ ಗಂಟುಮೂಟೆ ಕಟ್ಟುದೇ.

ಸೆಮಿ ಮತ್ತು ಫೈನಲ್ ಮಾತ್ರ ಬಾಸ್ಟನ್ ಟಿಡಿ ಗಾರ್ಡನಲ್ಲಿ, ಬ್ರೂಯಿನ್ಸ್ (ಐಸ್ ಹಾಕಿ), ಸೆಲ್ಟಿಕ್ಸ್ (ಬಾಸ್ಕೆಟ್‌ಬಾಲ್) ಅನ್ನುವ ದೊಡ್ಡ ಪ್ರೊಫೆಷನಲ್ ಟೀಮುಗಳು ಆಡುವ ಅರೀನಾ. ಓರೊನೊದಿಂದ ಬಾಸ್ಟನ್ ನಮ್ಗೆ ಮಂಗಳೂರಿಂದ ಬೆಂಗಳೂರಿಗಿಂತ ಸ್ವಲ್ಪ ದೂರವೇ ಅಂತ ಇಟ್ಕೊಳ್ಳಿ. ಗೆದ್ದವ್ರಿಗೆ ಲಾಮೊರಿಯೆಲ್ಲೊ ಟ್ರೋಫಿ, ಈ ಕಾನ್ಫರೆನ್ಸ್ 1984ರಲ್ಲಿ ಶುರುವಾದಾಗ ಮೊದ್ಲ ಕಮಿಷನರ್ ಆಗಿದ್ದವ್ರ ಹೆಸರು ಅದು.

ಈಗ ನೀವು ಕೇಳಿದ್ದಕ್ಕೆ ಉತ್ತರ. ಟೂರ್ನಮೆಂಟ್ ಗೆದ್ದವ್ನಿಗೆ ಟ್ರೋಫಿ ಒಂದೇ ಅಲ್ಲ, ಎನ್‌ಸಿಎಎ (ಅಮೆರಿಕದ ಕಾಲೇಜ್ ಕ್ರೀಡೆ ನಡೆಸುವ ಸಂಸ್ಥೆ) ಮಾಡುವ ಇಡೀ ದೇಶದ ಟೂರ್ನಮೆಂಟಿಗೆ ಸೀದಾ ಟಿಕೆಟ್. ಅಲ್ಲಿ 16 ಟೀಮು, ಆರು ಕಾನ್ಫರೆನ್ಸ್ ಚಾಂಪಿಯನ್ಸ್ ನೇರ ಬರ್ತಾರೆ, ಮತ್ತೆ ಉಳಿದ 10 ಜಾಗ ಇಡೀ ಸೀಸನಿನ ರ‍್ಯಾಂಕಿಂಗ್ ನೋಡಿ. ಹಾಗಾಗಿ ಮೇಲಿನ ಟೀಮಿಗೆ ಎರಡು ಬಾಗಿಲು, 9, 10ನೇ ಸ್ಥಾನದವ್ನಿಗೆ ಇದೊಂದೇ. ಅವ್ನು ಸತತ ನಾಲ್ಕು ಮ್ಯಾಚ್ ಗೆಲ್ಬೇಕು, ಗೆದ್ರೆ ಇಡೀ ವರ್ಷದ ಸೋಲು ಮರೆತುಹೋಗ್ತದೆ. ಆ ಹುಡುಗರಲ್ಲಿ ಫೈನಲ್ ಇಯರಿನವ್ರು ಎಷ್ಟೋ ಜನಕ್ಕೆ ಅದು ಜೀವನದ ಕೊನೇ ದೊಡ್ಡ ಮ್ಯಾಚ್. ನಾನು ನೋಡಿದ್ದೇನೆ, ಸೋತ ಟೀಮಿನ ಒಬ್ಬ ಹುಡುಗ ಎಲ್ರೂ ಒಳಗೆ ಹೋದ್ಮೇಲೂ ಐಸ್ ಮೇಲೆ ನಿಂತು ಗ್ಲೌಸ್ ತೆಗೀತಾ ಹಾಕ್ತಾ ಇದ್ದ, ಹೊರಗೆ ಬರ್ಲಿಕ್ಕೆ ಮನಸ್ಸಿಲ್ಲ. ಕೊನೆಗೆ ಅವ್ರ ಗೋಲಿ (ಗೋಲ್‌ಕೀಪರ್) ವಾಪಸ್ ಬಂದು ಹೆಗಲಿಗೆ ಕೈ ಹಾಕಿ ಕರ್ಕೊಂಡು ಹೋದ.

ಪಿಟಿ ಮಾಸ್ಟ್ರು (ಉಡುಪಿ)

ಕದ್ರಿಯವ್ರು ಲಾಯ್ಕ ವಿವರಿಸಿದ್ರು, ಆದ್ರೆ ನಾನು ಪ್ರಶ್ನೆ ಕೇಳಿದವ್ರ ಪಕ್ಷ. ನಾಕೌಟಲ್ಲಿ ನ್ಯಾಯ ಕಮ್ಮಿ. ನಾನು ಇಪ್ಪತ್ತೆರಡು ವರ್ಷದಿಂದ ಕಾಲೇಜ್ ಹುಡುಗ್ರನ್ನು ಕಬಡ್ಡಿಗೆ ಕರ್ಕೊಂಡು ಹೋಗುವವ. ಒಂದು ವರ್ಷ ನಮ್ಮ ಟೀಮು ಆಡಿದ್ದೆಲ್ಲ ಗೆದ್ದಿತ್ತು, ಇಂಟರ್ ಕಾಲೇಜ್ ಸೆಮಿಫೈನಲ್ ದಿನ ನಮ್ಮ ಮೇನ್ ರೈಡರಿಗೆ 102 ಡಿಗ್ರಿ ಜ್ವರ, ಒಂದು ಪಾಯಿಂಟಲ್ಲಿ ಸೋತೆವು. ವಾಪಸ್ ಬರುವಾಗ ಬಸ್ಸಲ್ಲಿ ಯಾರೂ ಮಾತಾಡ್ಲಿಲ್ಲ, ಆ ಹುಡುಗ ಕಿಟಕಿಗೆ ತಲೆ ಕೊಟ್ಟು ಇಡೀ ದಾರಿ ಅತ್ತ. ಒಂದು ದಿನದ ಜ್ವರಕ್ಕೆ ಒಂದು ವರ್ಷ ಹೋಯ್ತು. ಸೋತ ಟೀಮಿನ ಹುಡುಗ್ರು ಯೂನಿವರ್ಸಿಟಿ ಸೆಲೆಕ್ಷನ್ನಿಗೆ ಹೋಗ್ಬಹುದು, ಸೌತ್ ಝೋನ್ ಆಡ್ಬಹುದು, ಅದು ಒಬ್ಬೊಬ್ಬರ ವಿಷಯ. ಟೀಮ್ ಟೀಮಾಗಿ ಅಲ್ಲಿಗೇ ಮುಗೀತು.

ಕದ್ರಿ ಗುಡ್ಡೆ

ಮಾಸ್ಟ್ರೇ ನೀವು ಹೇಳಿದ್ದು ನಂಗೆ ತಾಗಿತು. ಆದ್ರೆ ಅದಕ್ಕೇ ಅಲ್ಲಿ ಆ ಎರಡನೇ ಬಾಗಿಲು ಇಟ್ಟದ್ದು. 2025ದೇ ನೋಡಿ. ಬಾಸ್ಟನ್ ಕಾಲೇಜ್ ಲೀಗಲ್ಲಿ ಫಸ್ಟ್, ಕ್ವಾರ್ಟರ್ ಫೈನಲ್ ಅವ್ರದ್ದೇ ಅರೀನಾದಲ್ಲಿ, ತುಂಬ ಕೆಳಗಿದ್ದ ನಾರ್ತ್ ಈಸ್ಟರ್ನ್ ಬಂದು 3-1ರಲ್ಲಿ ಹೊಡೆದು ಹೋಯ್ತು. ಅಷ್ಟಾದ್ರೂ ಬಾಸ್ಟನ್ ಕಾಲೇಜ್ ನ್ಯಾಷನಲಿಗೆ ಹೋಯ್ತು, ಅದೂ ದೇಶಕ್ಕೇ ಒಂದನೇ ಸೀಡಾಗಿ. ವರ್ಷದ ದುಡಿಮೆ ನೀರಿಗೆ ಹೋಗ್ಲಿಲ್ಲ. ಆ ನಾರ್ತ್ ಈಸ್ಟರ್ನ್ ಸೆಮಿಯಲ್ಲಿ ಮೇಯ್ನ್ ಜೊತೆ ಎರಡು ಓವರ್‌ಟೈಮ್ ತನಕ ಎಳೆದು 4-3ರಲ್ಲಿ ಸೋತಿತು, ಮರುದಿನ ಮೇಯ್ನ್ ಕನೆಕ್ಟಿಕಟನ್ನು 5-2ರಲ್ಲಿ ಸೋಲಿಸಿ ಕಪ್ ಎತ್ತಿದ್ದು. 2004ರ ನಂತರ ಅವ್ರಿಗೆ ಅದೇ ಮೊದಲು. 21 ವರ್ಷ ಕಾದವ್ರು ಮಾರಾಯ್ರೆ, ಇವ್ರ ತಂಗಿಗೆ ಬೇಜಾರಾಗದೆ ಇರ್ತದಾ.

ಪಿಟಿ ಮಾಸ್ಟ್ರು

ಹಾಗೆ ಎರಡು ದಾರಿ ಇಟ್ರೆ ನಂಗೆ ತಕರಾರಿಲ್ಲ. ನಮ್ಮ ಹುಡುಗ್ರಿಗೂ ವರ್ಷಪೂರ್ತಿ ಲೀಗ್ ಒಂದು ಇದ್ದು, ಅದರ ಲೆಕ್ಕದಲ್ಲೂ ಒಂದು ಟೀಮ್ ಮುಂದೆ ಹೋಗುವ ಹಾಗಾದ್ರೆ ಎಷ್ಟು ಒಳ್ಳೇದಿತ್ತು. ಈಗ ಎರಡು ದಿನದ ಕೂಟಕ್ಕೆ ಎರಡು ತಿಂಗಳು ಪ್ರಾಕ್ಟೀಸ್, ಮತ್ತೆ ಮುಂದಿನ ವರ್ಷವೇ.

ಕಡೆಕಾರ್ ಹುಡುಗ

ಇಬ್ರಿಗೂ ಥ್ಯಾಂಕ್ಸ್, ಈಗ ತಲೆಗೆ ಹೋಯ್ತು. ಇನ್ನೊಂದು, ಎರಡು ಓವರ್‌ಟೈಮ್ ಅಂದ್ರಲ್ಲ, ಅದು ಎಷ್ಟು ಹೊತ್ತು? ಪೆನಾಲ್ಟಿ ಶೂಟೌಟ್ ಇಲ್ವಾ? ಮತ್ತೆ ಚೆಂಡಿನ ಬದಲು ಇರುವ ಆ ಪಕ್ ನನ್ನ ಕಣ್ಣಿಗೆ ಸಿಕ್ಕುದೇ ಇಲ್ಲ, ಗೋಲ್ ಆದ್ಮೇಲೆ ಜನ ಎದ್ದದ್ದು ನೋಡಿಯೇ ಗೊತ್ತಾಗುದು.

ಕುಂದಾಪ್ರದ ಅಪ್ಪಯ್ಯ

ಹ್ವಾಯ್, ಇದಕ್ಕೆ ನಾನು ಹೇಳ್ತೆ. ಮಗ ಮಿಚಿಗನಲ್ಲಿ ಇರುದು, ಅಲ್ಲಿ ಹೋದಾಗೆಲ್ಲ ನೋಡಿ ನೋಡಿ ನಂಗೆ ಹುಚ್ಚು ಹಿಡ್ದಿತ್. ಲೀಗ್ ಮ್ಯಾಚಲ್ಲಿ ಸಮ ಆದ್ರೆ ಮೂರು ಮೂರು ಜನ ಇಟ್ಕೊಂಡು ಐದು ನಿಮಿಷ ಆಡ್ತಾರೆ, ಆಮೇಲೆ ಶೂಟೌಟ್. ಟೂರ್ನಮೆಂಟಲ್ಲಿ ಅದೆಲ್ಲ ಇಲ್ಲ. ಪೂರ್ತಿ 20 ನಿಮಿಷದ ಇನ್ನೊಂದು ಪಿರಿಯಡ್, ಮೊದ್ಲು ಗೋಲ್ ಹೊಡೆದವ ಗೆದ್ದ. ಯಾರೂ ಹೊಡೀಲಿಲ್ವಾ, ಐಸ್ ಸಾಪು ಮಾಡಿ ಮತ್ತೊಂದು 20 ನಿಮಿಷ. ಗೋಲ್ ಆಗುವ ತನಕ ಹೀಗೇ. ನಮ್ಮ ಕಂಬಳ ಕಂಡವ್ರಿಗೆ ಹೇಳ್ಬೇಕಂತ ಇಲ್ಲ, ಹಗ್ಗ ಹಿರಿಯ ವಿಭಾಗದ ಕೋಣಗಳ ಫೈನಲ್ ಆಗುವಾಗ ಬೆಳಕು ಹರೀತದೆ, ಆದ್ರೂ ಗದ್ದೆ ಬದಿಯಿಂದ ಒಬ್ಬ ಕದಲುದಿಲ್ಲ, ಹಾಗೆಯೇ.

2015 ಮಾರ್ಚ್ 6ಕ್ಕೆ ಇದೇ ಹಾಕಿ ಈಸ್ಟ್ ಟೂರ್ನಮೆಂಟ್ ಮೊದ್ಲ ರೌಂಡಲ್ಲಿ ಮಸಾಚುಸೆಟ್ಸ್ ಮತ್ತೆ ನೋಟರ್ ಡೇಮ್ ಐದನೇ ಓವರ್‌ಟೈಮ್ ತನಕ ಆಡಿದ್ರು. ಒಟ್ಟು 151 ನಿಮಿಷ 42 ಸೆಕೆಂಡ್. ಮಾಮೂಲಿ ಮ್ಯಾಚ್ 60 ನಿಮಿಷ, ಲೆಕ್ಕ ಹಾಕಿ. ಮಧ್ಯರಾತ್ರಿ ದಾಟಿದ್ಮೇಲೆ ಮಸಾಚುಸೆಟ್ಸ್ 4-3ರಲ್ಲಿ ಗೆದ್ದದ್ದು. ಆಗ ಮೊದ್ಲ ರೌಂಡ್ ಮೂರರಲ್ಲಿ ಎರಡು ಗೆಲ್ಬೇಕಿತ್ತು, ಅಷ್ಟು ಕಷ್ಟಪಟ್ಟು ಗೆದ್ದ ಆ ಮಕ್ಕಳು ಮುಂದಿನ ಎರಡೂ ಸೋತು ಮನೆಗೆ ಹೋದ್ರು. ನೆನೆಸಿದ್ರೆ ಈಗ್ಲೂ ಹೊಟ್ಟೆಯೊಳಗೆ ಎಂತದೋ ಆಗ್ತದೆ ನಂಗೆ.

ಪಕ್ ಕಾಣುದಿಲ್ಲ ಅಂದ್ರಿ ಅಲ್ದಾ, ಅದು 3 ಇಂಚ್ ಅಗಲ 1 ಇಂಚ್ ದಪ್ಪದ ರಬ್ಬರ್ ಬಿಲ್ಲೆ, ಆಟಕ್ಕೆ ಮುಂಚೆ ಫ್ರೀಜರಲ್ಲಿ ಇಡ್ತಾರೆ, ಇಲ್ದಿದ್ರೆ ಐಸ್ ಮೇಲೆ ಪುಟೀತದೆ. ಅದನ್ನು ಹುಡ್ಕುಕೆ ಹೋಗ್ಬೇಡಿ. ಪ್ಲೇಯರ್ಸ್ ಭುಜ ಯಾವ ಕಡೆ ತಿರುಗ್ತದೆ ಕಾಣಿ, ಗೋಲಿಯ ಕಣ್ಣು ಕಾಣಿ, ಪಕ್ ಅಲ್ಲೇ ಇರ್ತದೆ. ಮತ್ತೆ ಬೆಂಚ್ ಕಡೆ ಒಂದು ಕಣ್ಣಿಡಿ, ಮುಕ್ಕಾಲು ನಿಮಿಷಕ್ಕೊಮ್ಮೆ ಆಟ ನಿಲ್ಲಿಸದೆಯೇ ಐದೂ ಜನ ಬದಲಾಗ್ತಾರೆ, ಒಬ್ಬ ಹಲಗೆ ಹಾರಿ ಒಳಗೆ ಬರುವಾಗ ಇನ್ನೊಬ್ಬ ಹಾರಿ ಇಳೀತಾನೆ. ಆ ಬದಲಿಯಲ್ಲಿ ಅರೆ ಸೆಕೆಂಡ್ ತಪ್ಪಿದ್ರೆ ಎದುರಿನವ ನುಗ್ಗಿ ಬಿಡ್ತ. ಕೊನೇ ಎರಡು ನಿಮಿಷ ಒಂದು ಗೋಲ್ ಹಿಂದಿದ್ದವ್ರು ಗೋಲಿಯನ್ನೇ ಹೊರಗೆ ಕರೆದು ಆರನೇ ಆಟಗಾರನನ್ನು ಇಳಿಸ್ತಾರೆ, ಗೋಲ್ ಪೆಟ್ಟಿಗೆ ಖಾಲಿ, ಆವಾಗ ನೀವು ಕುರ್ಚಿಯಲ್ಲಿ ಕೂರುದಿಲ್ಲ.

ಬಿಜೈ ಅಮ್ಮ (ಮಂಗಳೂರು)

ನನ್ನ ಮಗಳು ಇಲ್ಲಿ ರೋಲರ್ ಸ್ಕೇಟಿಂಗ್ ಮಾಡ್ತಾಳೆ, ಅವ್ಳಿಗೆ ಈ ಥ್ರೆಡ್ ಓದಿ ಹೇಳಿದೆ, ಕಣ್ಣರಳಿಸಿ ಕೇಳಿದ್ಳು. ಒಂದು ವಿಷಯ ಸೇರಿಸ್ತೇನೆ, ನಮ್ಮ ಭಾರತದ ಹೆಣ್ಣುಮಕ್ಕಳ ಐಸ್ ಹಾಕಿ ಟೀಮ್ 2025ರಲ್ಲಿ ಏಷ್ಯಾ ಕಪ್ಪಲ್ಲಿ ಕಂಚು ಗೆದ್ದಿದೆ. ಹೆಚ್ಚಿನವ್ರು ಲಡಾಖ್ ಕಡೆಯ ಮಕ್ಕಳು, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆ ಮೇಲೆ ಕಲಿತವ್ರು. ನಮ್ಮಲ್ಲಿ ಐಸ್ ಇಲ್ಲ, ಚಕ್ರ ಆದ್ರೂ ಉಂಟಲ್ಲ ಅಂತ ಮಗಳಿಗೆ ಹೇಳಿದ್ದೇನೆ.

ಕಡೆಕಾರ್ ಹುಡುಗ

ಅಪ್ಪಯ್ಯನವ್ರು ಹೇಳಿದ ಭುಜ ನೋಡುದು ನಿನ್ನೆ ಹಳೇ ಮ್ಯಾಚ್ ಹಾಕಿ ನೋಡಿದೆ, ಮೂರರಲ್ಲಿ ಎರಡು ಗೋಲ್ ಕಣ್ಣಿಗೆ ಸಿಕ್ಕಿತು! ತಂಗಿ ಈ ಸಲ ಬಾಸ್ಟನ್ ಬಸ್ಸಿಗೆ ಫ್ರೆಂಡ್ಸ್ ಜೊತೆ ಮಾತಾಡಿ ಇಟ್ಟಿದ್ದಾಳೆ, ಮೇಯ್ನ್ ಸೆಮಿಗೆ ಬಂದ್ರೆ ಹೋಗುದು. ಅಲ್ಲಿ ರಾತ್ರಿ 7.30 ಅಂದ್ರೆ ನಮ್ಗೆ ಮರುದಿನ ಬೆಳಿಗ್ಗೆ 5 ಅಲ್ವಾ ಕದ್ರಿಯವ್ರೇ?

ಕದ್ರಿ ಗುಡ್ಡೆ

ಹೌದು, ಮಾರ್ಚ್ ಎರಡನೇ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಮಾಡ್ತಾರೆ, ಆಮೇಲೆ ವ್ಯತ್ಯಾಸ ಒಂಬತ್ತೂವರೆ ಗಂಟೆ. ಅದಕ್ಕಿಂತ ಮುಂಚಿನ ಮ್ಯಾಚಿಗೆ ಹತ್ತೂವರೆ, ಅಲಾರಾಂ ಇಡುವಾಗ ನೋಡಿಕೊಳ್ಳಿ.

ಕಡೆಕಾರ್ ಹುಡುಗ

ಹಾಗಾದ್ರೆ ಸಮ ಆಯ್ತು. ಅಮ್ಮ ಹೇಗೂ ನಾಲ್ಕೂಮುಕ್ಕಾಲಿಗೆ ಎದ್ದು ಅಂಗಳ ಗುಡಿಸ್ತಾರೆ, ಮಗಳು ಕೂತ ಗ್ಯಾಲರಿ ಟಿವಿಯಲ್ಲಿ ತೋರಿಸ್ತಾರಾ ಅಂತ ನಿನ್ನೆಯೇ ಕೇಳಿ ಆಗಿದೆ.